ಹಂಚಿಕೆಯ ಲೈಬ್ರರಿಗಳೂ ಏಕಕಡತ ಕ್ರಮವಿಧಿಗಳೂ

ಡೆಸ್ಕ್‌ಟಾಪ್ ಗಣಕಯಂತ್ರದ ಮೇಲೆ ನಡೆಯುವ ಯಾವ ಕ್ರಮವಿಧಿಯೂ ಅದರ ಕರ್ತೃವೆನಿಸಿಕೊಂಡವನೊಬ್ಬನ ಕೃತಿಯಲ್ಲ. ಪರದೆಯ ಮೇಲೆ ಒಂದು ಕಿಟಕಿಯನ್ನು ತೆರೆದು ಅದರಲ್ಲಿ ಕನ್ನಡದ ಒಂದು ಸಾಲನ್ನು ತೋರಿಸುವ ಕ್ರಮವಿಧಿಯನ್ನು ನಮ್ಮ ವಿದ್ಯಾರ್ಥಿಯೊಬ್ಬನು ನೂರು ಸಾಲುಗಳಲ್ಲಿ ಬರೆದು ಮುಗಿಸಬಲ್ಲನು. ಆದರೆ ಕಿಟಕಿಯ ಚೌಕಟ್ಟನ್ನು ಎಳೆಯುವುದು, ಫಾಂಟಿನಿಂದ ಅಕ್ಷರದ ರೂಪವನ್ನು ಆರಿಸುವುದು, ಒತ್ತಕ್ಷರವನ್ನು ಅದರ ಸ್ಥಾನದಲ್ಲಿ ಕೂರಿಸುವುದು, ಕಡತವನ್ನು ತೆರೆದು ಓದುವುದು, ಇವೆಲ್ಲವೂ ಅನ್ಯರು ಮೊದಲೇ ಬರೆದಿಟ್ಟ ಲಕ್ಷಗಟ್ಟಲೆ ಸಾಲುಗಳಿಂದ ನಡೆಯುತ್ತವೆ. ಹೀಗೆ ಬರೆದಿಟ್ಟ ಭಾಗಗಳ ಸಂಗ್ರಹಕ್ಕೆ ಲೈಬ್ರರಿ ಎಂದು ಹೆಸರು. ಕ್ರಮವಿಧಿಯನ್ನು ಬಳಕೆದಾರನಿಗೆ ಕಳುಹಿಸುವಾಗ ಈ ಭಾಗಗಳನ್ನು ಅದರೊಳಗೇ ಹೊಲಿದು ಒಂದೇ ಕಡತವಾಗಿ ಕಳುಹಿಸಬೇಕೋ, ಅಥವಾ ಅವು ಬಳಕೆದಾರನ ಯಂತ್ರದಲ್ಲಿಯೇ ಇರಲೆಂದು ಬಿಟ್ಟು, ಕ್ರಮವಿಧಿಯು ನಡೆಯುವ ಹೊತ್ತಿಗೆ ಕರೆದುಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ. ಪಠ್ಯಪುಸ್ತಕಗಳು ಇದನ್ನು ಸ್ಥಳ ಮತ್ತು ವೇಗಗಳ ಲೆಕ್ಕವೆಂದು ಒಂದೆರಡು ಪುಟಗಳಲ್ಲಿ ಮುಗಿಸುವುದುಂಟು. ತಪ್ಪು ಕಂಡುಬಂದಾಗ ಅದನ್ನು ತಿದ್ದುವ ಹೊಣೆ ಯಾರದು, ತಿದ್ದುಪಡಿಯು ಬಳಕೆದಾರನನ್ನು ಮುಟ್ಟುವ ದಾರಿ ಯಾವುದು ಎಂಬುದೇ ಇದರ ತಿರುಳೆಂದು ಈ ಲೇಖಕನ ಅಭಿಪ್ರಾಯ.

ಈ ವಿಚಾರಕ್ಕೆ ಪ್ರೇರಣೆಯಾದ ಸಂದರ್ಭವನ್ನು ಮೊದಲೇ ಹೇಳಿಬಿಡುವುದು ಉಚಿತ. ಪಠ್ಯವೊಂದರ ಪದಗಳನ್ನೆಲ್ಲ ಎಣಿಸಿ ಅಕಾರಾದಿಯಾಗಿ ಪದಸೂಚಿಯನ್ನು ಸಿದ್ಧಪಡಿಸುವ ಸಣ್ಣ ಕ್ರಮವಿಧಿಯೊಂದನ್ನು ನಮ್ಮ ವಿದ್ಯಾರ್ಥಿಗಳು ಬರೆದಿದ್ದರು. ಕನ್ನಡ ಅಧ್ಯಾಪಕರಿಗೆ ಅದು ಉಪಯುಕ್ತವೆಂದು ತೋರಿದ್ದರಿಂದ ಕೆಲವು ಕಾಲೇಜುಗಳಿಗೆ ಕಳುಹಿಸಿದೆವು. ನಾವು ಅದನ್ನು ಸಿದ್ಧಪಡಿಸಿದ್ದು ಉಬುಂಟು ೨೨.೦೪ರ ಮೇಲೆ, ಬಹುಪಾಲು ಕಾಲೇಜುಗಳಲ್ಲಿದ್ದುದು ೨೦.೦೪. ಎಲ್ಲೆಡೆಯಿಂದಲೂ ಒಂದೇ ಉತ್ತರ ಬಂದಿತು: ಕ್ರಮವಿಧಿಯು ತೆರೆಯುವುದಿಲ್ಲ, ಜಿ-ಲಿಬ್‌ಸಿ ೨.೩೪ ಇಲ್ಲವೆಂದು ಯಂತ್ರವು ಹೇಳುತ್ತದೆ. ವಿದ್ಯಾರ್ಥಿಗಳು ಬೇಸತ್ತು, ಬೇಕಾದ ಲೈಬ್ರರಿಗಳನ್ನೆಲ್ಲ ಒಳಗೆ ಸೇರಿಸಿ ಏಕಕಡತವನ್ನು ಮಾಡಿ ಕಳುಹಿಸಿದರು. ಅದು ಎಲ್ಲೆಡೆಯೂ ಓಡಿತು. ಒಂದು ವರ್ಷದ ತರುವಾಯ ಅಧ್ಯಾಪಕರೊಬ್ಬರು ಬರೆದ ಪತ್ರದಲ್ಲಿ, ಪದಸೂಚಿಯಲ್ಲಿ ‘ರ‍್ಯಾಂಕ್’, ‘ರ‍್ಯಾಲಿ’ ಮೊದಲಾದ ಪದಗಳು ಕೆಲವೆಡೆ ಸರಿಯಾಗಿಯೂ ಕೆಲವೆಡೆ ಒಡೆದೂ ಕಾಣುತ್ತವೆ, ಅದೇ ಯಂತ್ರದ ಇತರ ಕ್ರಮವಿಧಿಗಳಲ್ಲಿ ಈ ದೋಷವಿಲ್ಲ ಎಂದಿತ್ತು. ಎರಡು ದೋಷಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಮೊದಲನೆಯದು ಹಂಚಿಕೆಯ ಮಾರ್ಗದ ದೋಷ, ಎರಡನೆಯದು ಏಕಕಡತದ ಮಾರ್ಗದ ದೋಷ. ಇವುಗಳ ಮೂಲವನ್ನು ಹುಡುಕುತ್ತ ಹೋದರೆ ವಿಷಯದ ಬಹುಭಾಗವು ತಾನಾಗಿಯೇ ತೆರೆದುಕೊಳ್ಳುತ್ತದೆ.

ಲೈಬ್ರರಿಯ ಕಲ್ಪನೆಯು ಗಣಕಯಂತ್ರದಷ್ಟೇ ಹಳೆಯದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್ಸಾಕ್ ಯಂತ್ರವು ೧೯೪೯ರ ಮೇ ತಿಂಗಳಲ್ಲಿ ತನ್ನ ಮೊದಲ ಲೆಕ್ಕವನ್ನು ಮಾಡಿತು. ವರ್ಗಮೂಲ, ಸೈನ್, ಅನುಕಲನ ಮೊದಲಾದ ಕೆಲಸಗಳಿಗಾಗಿ ಪ್ರತಿಯೊಬ್ಬನೂ ಪುನಃ ಪುನಃ ಬರೆಯುವುದೂ ತಪ್ಪುವುದೂ ವ್ಯರ್ಥವೆಂದು ಕಂಡು, ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಇವರು ಉಪವಿಧಿಗಳ ಸಂಗ್ರಹವೊಂದನ್ನು ಏರ್ಪಡಿಸಿದರು. ೧೯೫೧ರ ವೇಳೆಗೆ ಅದರಲ್ಲಿ ೮೭ ಉಪವಿಧಿಗಳಿದ್ದವು. ಅದೇ ವರ್ಷ ಅವರ ಗ್ರಂಥವೂ ಪ್ರಕಟವಾಯಿತು. ಉಪವಿಧಿಗಳೆಲ್ಲವೂ ರಂಧ್ರ ಕೊರೆದ ಕಾಗದದ ಪಟ್ಟಿಗಳ ರೂಪದಲ್ಲಿ ಕಪಾಟಿನಲ್ಲಿದ್ದವು. ಬೇಕಾದವನು ಪಟ್ಟಿಯನ್ನು ತೆಗೆದು, ಯಂತ್ರದ ಸಹಾಯದಿಂದ ತನ್ನ ಕ್ರಮವಿಧಿಯ ಪಟ್ಟಿಯ ಮೇಲೆ ಅದರ ನಕಲನ್ನು ಕೊರೆದುಕೊಂಡು, ಮೂಲವನ್ನು ಕಪಾಟಿನಲ್ಲಿ ಮರಳಿ ಇಡುತ್ತಿದ್ದನು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದು ಸ್ಥಿರಜೋಡಣೆ. ಕಪಾಟಿನಲ್ಲಿದ್ದ ಉಪವಿಧಿಯನ್ನು ಮರುದಿನ ತಿದ್ದಿದರೂ, ನಿನ್ನೆ ನಕಲು ಮಾಡಿಕೊಂಡು ಹೋದವನ ಪಟ್ಟಿಯಲ್ಲಿ ಹಳೆಯ ತಪ್ಪು ಹಾಗೆಯೇ ಉಳಿಯುವುದು. ಗ್ರಂಥಾಲಯವೆಂಬ ಹೆಸರು ಈ ಪದ್ಧತಿಗೆ ಅಷ್ಟಾಗಿ ಒಪ್ಪುವುದಿಲ್ಲವೆಂದು ಪ್ರಾಸಂಗಿಕವಾಗಿ ಹೇಳಬಹುದು. ಪುಸ್ತಕವನ್ನು ಅಲ್ಲಿಯೇ ಕುಳಿತು ಓದುವವನಿಗೂ ಹಾಳೆಗಳನ್ನು ನಕಲು ಮಾಡಿಕೊಂಡು ಮನೆಗೆ ಹೋಗುವವನಿಗೂ ವ್ಯತ್ಯಾಸವುಂಟಷ್ಟೆ.

ಕಪಾಟೂ ಕಾಗದದ ಪಟ್ಟಿಯೂ ಹೋದ ಮೇಲೆ ಆ ಕೆಲಸವು ಲಿಂಕರ್ ಎಂಬ ಕ್ರಮವಿಧಿಯ ಪಾಲಿಗೆ ಬಂದಿತು. ಮೂಲಪಾಠವನ್ನು ಕಂಪೈಲರು ಯಂತ್ರಭಾಷೆಗೆ ಪರಿವರ್ತಿಸಿದಾಗ, ಹೊರಗಿನಿಂದ ಬರಬೇಕಾದ ಉಪವಿಧಿಗಳ ಹೆಸರುಗಳು ಖಾಲಿ ಸ್ಥಾನಗಳಾಗಿ ಉಳಿಯುತ್ತವೆ. ಸ್ಥಿರಜೋಡಣೆಯಲ್ಲಿ ಲಿಂಕರು ಲೈಬ್ರರಿಯಿಂದ ಆ ಉಪವಿಧಿಗಳ ಯಂತ್ರಸಂಕೇತವನ್ನು ನಕಲು ಮಾಡಿ, ಪ್ರತಿಯೊಂದು ಖಾಲಿ ಸ್ಥಾನದಲ್ಲಿಯೂ ವಿಳಾಸವನ್ನು ತುಂಬಿ, ಸ್ವಯಂಪೂರ್ಣವಾದ ಒಂದು ಕಡತವನ್ನು ಕೊಡುತ್ತದೆ. ಹಂಚಿಕೆಯ ಮಾರ್ಗದಲ್ಲಿ ಲಿಂಕರು ನಕಲು ಮಾಡುವುದಿಲ್ಲ. ಇಂಥ ಹೆಸರಿನ ಲೈಬ್ರರಿಯಿಂದ ಇಂಥ ಉಪವಿಧಿಯು ಬೇಕೆಂಬ ಚೀಟಿಯೊಂದನ್ನು ಮಾತ್ರ ಕಡತದಲ್ಲಿ ಬರೆದಿಡುತ್ತದೆ. ಬಳಕೆದಾರನು ಕ್ರಮವಿಧಿಯನ್ನು ತೆರೆದಾಗ ಲೋಡರ್ ಎಂಬ ಇನ್ನೊಂದು ಕ್ರಮವಿಧಿಯು ಆ ಚೀಟಿಯನ್ನೋದಿ, ಯಂತ್ರದಲ್ಲಿರುವ ಲೈಬ್ರರಿಯನ್ನು ಹುಡುಕಿ ತಂದು, ವಿಳಾಸಗಳನ್ನು ಆಗ ತುಂಬುತ್ತದೆ. ಲಿನಕ್ಸ್ ಯಂತ್ರದ ಮೇಲೆ ಒಂದು ನಮಸ್ಕಾರದ ಸಾಲನ್ನು ಮುದ್ರಿಸುವ ಸಿ ಕ್ರಮವಿಧಿಯನ್ನು ಎರಡು ರೀತಿಗಳಲ್ಲಿಯೂ ಸಿದ್ಧಪಡಿಸಿ ನೋಡಿದರೆ, ಹಂಚಿಕೆಯದು ಸುಮಾರು ೧೬ ಕಿಲೋಬೈಟುಗಳಷ್ಟೂ ಸ್ಥಿರಜೋಡಣೆಯದು ೮೦೦ ಕಿಲೋಬೈಟುಗಳಷ್ಟೋ ಅದಕ್ಕೂ ಮಿಗಿಲೋ ಆಗುತ್ತದೆ. ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿಕೊಳ್ಳಬಹುದು.

ಹಂಚಿಕೆಯ ಲೈಬ್ರರಿಯು ಬಳಕೆಗೆ ಬಂದ ಕಾಲದಲ್ಲಿ ಮುಖ್ಯವಾದ ಕಾರಣವು ಮೆಮೊರಿಯ ಕೊರತೆಯೇ. ಕ್ರಿಯಾಕಾಲದಲ್ಲಿ ಜೋಡಿಸುವ ಕ್ರಮವು ೧೯೬೦ರ ದಶಕದ ಮಲ್ಟಿಕ್ಸ್ ವ್ಯವಸ್ಥೆಯಲ್ಲಿಯೇ ಇತ್ತು. ೧೯೮೦ರ ದಶಕದಲ್ಲಿ ಯೂನಿಕ್ಸ್ ಯಂತ್ರಗಳಿಗೆ ಕಿಟಕಿಗಳ ಪದ್ಧತಿಯು ಬಂದಾಗ, ಗಡಿಯಾರವನ್ನು ತೋರಿಸುವ ಅಲ್ಪ ಕ್ರಮವಿಧಿಯೂ ಕಿಟಕಿಗಳ ಲೈಬ್ರರಿಯ ಪೂರ್ಣ ನಕಲನ್ನು ಹೊತ್ತುಕೊಂಡು ಮೆಮೊರಿಯಲ್ಲಿ ಕುಳಿತುಕೊಳ್ಳುವುದು ದುಸ್ಸಹವಾಯಿತು. ಸನ್ ಸಂಸ್ಥೆಯ ೧೯೮೮ರ ಸನ್‌ಓಎಸ್ ೪.೦ ವ್ಯವಸ್ಥೆಯು ಇದಕ್ಕೆ ಕೊಟ್ಟ ಪರಿಹಾರವು ಮುಂದಿನ ಯೂನಿಕ್ಸ್ ಮತ್ತು ಲಿನಕ್ಸ್‌ಗಳಿಗೆ ಮಾದರಿಯಾಯಿತು. ಅದರ ಮರ್ಮವು ಹೀಗಿದೆ. ಲೈಬ್ರರಿಯ ಯಂತ್ರಸಂಕೇತವು ಮೆಮೊರಿಯ ಯಾವ ವಿಳಾಸದಲ್ಲಿ ಕುಳಿತರೂ ಮಾರ್ಪಾಡಿಲ್ಲದೆ ನಡೆಯುವಂತೆ ಅದನ್ನು ಬರೆಯಲಾಗುತ್ತದೆ. ಬದಲಾಗಬೇಕಾದ ವಿಳಾಸಗಳನ್ನೆಲ್ಲ ಪ್ರತ್ಯೇಕವಾದ ಒಂದು ಪಟ್ಟಿಗೆ ಸರಿಸಲಾಗುತ್ತದೆ. ಸಂಕೇತದ ಭಾಗವು ಎಂದೂ ಬದಲಾಗದ ಕಾರಣ ಅದರ ಒಂದೇ ಭೌತಿಕ ಪ್ರತಿಯನ್ನು ಐವತ್ತು ಕ್ರಮವಿಧಿಗಳು ಏಕಕಾಲದಲ್ಲಿ ಓದಬಹುದು. ವಿಳಾಸಪಟ್ಟಿಯೂ ದತ್ತಾಂಶವೂ ಮಾತ್ರ ಪ್ರತಿಯೊಂದಕ್ಕೂ ಬೇರೆ ಬೇರೆ.

ಇಂದು ಸಾಧಾರಣ ವಿದ್ಯಾರ್ಥಿಯ ಮಡಿಲಗಣಕದಲ್ಲಿಯೂ ಎಂಟು ಗಿಗಾಬೈಟ್ ಮೆಮೊರಿ ಇರುವುದರಿಂದ ಈ ಉಳಿತಾಯದ ವಾದವು ಬಹಳ ಮಟ್ಟಿಗೆ ಬಲಗುಂದಿದೆ. ಆದರೆ ಉಳಿತಾಯಕ್ಕಾಗಿ ಮಾಡಿದ ವ್ಯವಸ್ಥೆಯು ತನ್ನೊಡನೆ ಬೇರೊಂದು ಪರಿಣಾಮವನ್ನು ತಂದಿತು. ಲೈಬ್ರರಿಯು ಕ್ರಮವಿಧಿಯಿಂದ ಬೇರ್ಪಟ್ಟು ಸ್ವತಂತ್ರವಾದ ವಸ್ತುವಾಯಿತು. ಅದನ್ನು ಬೇರೆಯವರು, ಬೇರೆ ಕಾಲದಲ್ಲಿ, ಕ್ರಮವಿಧಿಯ ಕರ್ತೃವಿಗೆ ಹೇಳದೆಯೇ ಬದಲಿಸಬಹುದಾಯಿತು.

ಹೀಗೆ ಬದಲಿಸುವಾಗ ಕೆಡಬಹುದಾದುದೇನು ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಕ್ರಮವಿಧಿಯೂ ಲೈಬ್ರರಿಯೂ ಬೈಟುಗಳ ಮಟ್ಟದಲ್ಲಿ ಒಂದು ಒಪ್ಪಂದವನ್ನು ಮಾಡಿಕೊಂಡಿರುತ್ತವೆ. ಉದಾಹರಣೆಗೆ, ಚಿತ್ರವೊಂದರ ಅಗಲವು ದತ್ತಾಂಶದ ಎಂಟನೆಯ ಬೈಟಿನಲ್ಲಿರುವುದೆಂದು ಕ್ರಮವಿಧಿಯನ್ನು ಕಂಪೈಲ್ ಮಾಡುವಾಗಲೇ ನಿಶ್ಚಯವಾಗಿರುತ್ತದೆ. ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಅದರ ಹಿಂದೆ ಇನ್ನೊಂದು ಅಂಶವನ್ನು ಸೇರಿಸಿ ಅಗಲವನ್ನು ಹದಿನಾರನೆಯ ಬೈಟಿಗೆ ತಳ್ಳಿದರೆ, ಹಳೆಯ ಕ್ರಮವಿಧಿಯು ಅದನ್ನರಿಯದೆ ಎಂಟನೆಯ ಬೈಟನ್ನೇ ಓದಿ, ಬೇರೇನನ್ನೋ ಅಗಲವೆಂದು ಭಾವಿಸುವುದು. ದೋಷಸೂಚನೆಯೇನೂ ಬರುವುದಿಲ್ಲ, ಚಿತ್ರವು ಕೆಡುತ್ತದೆ, ಇಲ್ಲವೆ ಕ್ರಮವಿಧಿಯು ಕುಸಿಯುತ್ತದೆ. ಆದಕಾರಣ ಯೂನಿಕ್ಸ್ ಸಂಪ್ರದಾಯದಲ್ಲಿ ಒಪ್ಪಂದವನ್ನು ಮುರಿಯುವ ಪ್ರತಿಯೊಂದು ಬದಲಾವಣೆಗೂ ಲೈಬ್ರರಿಯ ಹೆಸರಿನ ಕೊನೆಯ ಸಂಖ್ಯೆಯನ್ನು ಏರಿಸಬೇಕೆಂಬ ನಿಯಮವಿದೆ. ಹೆಸರು ಬೇರೆಯಾದ್ದರಿಂದ ಹಳೆಯದೂ ಹೊಸದೂ ಒಂದೇ ಯಂತ್ರದಲ್ಲಿ ಅಕ್ಕಪಕ್ಕದಲ್ಲಿ ಬಾಳಬಹುದು.

ವಿಂಡೋಸ್ ಪ್ರಪಂಚದಲ್ಲಿ ೧೯೯೦ರ ದಶಕದಲ್ಲಿ ಇಂಥ ಶಿಸ್ತು ಇರಲಿಲ್ಲ. ಡಿ.ಎಲ್.ಎಲ್. ಎಂಬ ಹಂಚಿಕೆಯ ಲೈಬ್ರರಿಗಳೆಲ್ಲ ವ್ಯವಸ್ಥೆಯ ಒಂದೇ ಕಡತಕೋಶದಲ್ಲಿ ಒಂದೇ ಹೆಸರಿನಿಂದ ಇರುತ್ತಿದ್ದವು. ಹೊಸದಾಗಿ ಅನುಸ್ಥಾಪನೆಗೊಂಡ ಯಾವುದೋ ತಂತ್ರಾಂಶವು ತನ್ನೊಡನೆ ತಂದ ಹಳೆಯ ಪ್ರತಿಯನ್ನು ಅಲ್ಲಿದ್ದ ಹೊಸ ಪ್ರತಿಯ ಮೇಲೆ ಬರೆದುಬಿಡುವುದು, ಅದರಿಂದ ಸಂಬಂಧವೇ ಇಲ್ಲದ ಮೂರನೆಯ ಕ್ರಮವಿಧಿಯು ನಿಂತುಹೋಗುವುದು ದಿನನಿತ್ಯದ ಅನುಭವವಾಗಿತ್ತು. ‘ಡಿ.ಎಲ್.ಎಲ್. ನರಕ’ವೆಂಬ ಮಾತು ಹುಟ್ಟಿದುದು ಆಗಲೇ. ವಿಂಡೋಸ್ ೨೦೦೦ ವ್ಯವಸ್ಥೆಯ ಕಡತಗಳನ್ನು ಹೀಗೆ ಅಳಿಸಿ ಬರೆಯುವುದನ್ನು ತಡೆಯಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯು ಒಂದೇ ಲೈಬ್ರರಿಯ ಹಲವು ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿರಿಸುವ ಏರ್ಪಾಡನ್ನು ತಂದಿತು.

ಹೆಸರಿನ ಸಂಖ್ಯೆಯನ್ನು ಪಾಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ತಿಳಿಯಬಾರದು. ಇದಕ್ಕೆ ೨೦೧೦ರಲ್ಲಿ ಫೆಡೋರಾ ೧೪ರಲ್ಲಿ ನಡೆದ ಪ್ರಸಂಗವು ಉತ್ತಮವಾದ ನಿದರ್ಶನ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಸಾರ್ಥಕ. ಸಿ ಲೈಬ್ರರಿಯಲ್ಲಿ ಮೆಮ್‌ಕಾಪಿ ಎಂಬ ಉಪವಿಧಿಯಿದೆ. ಮೆಮೊರಿಯ ಒಂದು ಸ್ಥಾನದಿಂದ ಇನ್ನೊಂದಕ್ಕೆ ಬೈಟುಗಳನ್ನು ನಕಲು ಮಾಡುವುದು ಅದರ ಕೆಲಸ. ಎರಡು ಸ್ಥಾನಗಳೂ ಒಂದರ ಮೇಲೊಂದು ಹಾಯ್ದಿರಕೂಡದೆಂದು ಅದರ ಲಕ್ಷಣದಲ್ಲಿ ಸ್ಪಷ್ಟವಾಗಿದೆ. ಹಾಗೆ ಹಾಯ್ದಿರುವಲ್ಲಿ ಉಪಯೋಗಿಸಲೆಂದು ಮೆಮ್‌ಮೂವ್ ಎಂಬ ಬೇರೊಂದು ಉಪವಿಧಿಯುಂಟು. ಹಳೆಯ ಮೆಮ್‌ಕಾಪಿಯು ಮುಂದಿನಿಂದ ಹಿಂದಕ್ಕೆ ಕ್ರಮವಾಗಿ ನಕಲು ಮಾಡುತ್ತಿದ್ದುದರಿಂದ, ಹಾಯ್ದ ಸ್ಥಾನಗಳಲ್ಲಿ ನಿಯಮ ಮೀರಿ ಬಳಸಿದವರಿಗೂ ದೈವವಶಾತ್ ಸರಿಯಾದ ಫಲವೇ ದೊರೆಯುತ್ತಿತ್ತು. ಹೊಸ ಸಂಸ್ಕಾರಕಗಳಲ್ಲಿ ವೇಗವು ಹೆಚ್ಚಲೆಂದು ಜಿ-ಲಿಬ್‌ಸಿಯವರು ಹೊಸ ರೂಪವೊಂದನ್ನು ಬರೆದರು. ಅದು ಕೆಲವು ಸಂದರ್ಭಗಳಲ್ಲಿ ತುದಿಯಿಂದ ಮೊದಲಿಗೆ ನಕಲು ಮಾಡುತ್ತಿತ್ತು. ಆ ಕ್ಷಣದಿಂದ ೬೪ ಬಿಟ್‌ನ ಫ್ಲ್ಯಾಶ್ ಪ್ಲೇಯರಿನಲ್ಲಿ ಧ್ವನಿಯು ಒಡೆದು ಕೇಳತೊಡಗಿತು. ಲಿನಸ್ ಟೋರ್ವಾಲ್ಡ್ಸರು, ಹಳೆಯ ಕ್ರಮದಲ್ಲಿ ನಕಲು ಮಾಡುವ ಉಪವಿಧಿಯನ್ನು ನಡುವೆ ಸೇರಿಸಿದರೆ ಧ್ವನಿಯು ಸರಿಹೋಗುವುದನ್ನು ತೋರಿಸಿಕೊಟ್ಟರು.

ಅಲ್ಲಿ ತಪ್ಪು ಯಾರದು? ಶಾಸ್ತ್ರದ ಪ್ರಕಾರ ಫ್ಲ್ಯಾಶ್ ಕ್ರಮವಿಧಿಯದೇ. ಆದರೆ ಅದರ ಮೂಲಪಾಠವು ಗುಪ್ತವಾಗಿತ್ತು. ತಿದ್ದುವ ಅಧಿಕಾರವು ಫೆಡೋರಾದವರಿಗೂ ಇರಲಿಲ್ಲ, ಬಳಕೆದಾರರಿಗೂ ಇರಲಿಲ್ಲ. ಬಳಕೆದಾರನ ಕಣ್ಣಿಗಾದರೋ ನಿನ್ನೆ ಸರಿಯಾಗಿದ್ದುದು ಇಂದು ವ್ಯವಸ್ಥೆಯನ್ನು ನವೀಕರಿಸಿದ ಮೇಲೆ ಕೆಟ್ಟಿತು. ಟೋರ್ವಾಲ್ಡ್ಸರು ಬಳಕೆದಾರನ ಪಕ್ಷವನ್ನು ಹಿಡಿದರು. ಕಡೆಗೆ ೨೦೧೧ರ ಜಿ-ಲಿಬ್‌ಸಿ ೨.೧೪ರಲ್ಲಿ ಮೆಮ್‌ಕಾಪಿಗೆ ಎರಡು ಆವೃತ್ತಿಗಳನ್ನಿಟ್ಟರು: ಹಿಂದೆ ಜೋಡಿಸಿದ ಕ್ರಮವಿಧಿಗಳಿಗೆ ಹಾಯ್ದ ಸ್ಥಾನಗಳಲ್ಲಿಯೂ ಕೆಡದ ಹಳೆಯ ನಡತೆ, ಹೊಸದಾಗಿ ಜೋಡಿಸಿದವುಗಳಿಗೆ ಹೊಸ ನಡತೆ. ನಮ್ಮ ಪದಸೂಚಿಯ ಮೊದಲ ದೋಷದ ಕೀಲಿಯೂ ಇದೇ ಏರ್ಪಾಡಿನಲ್ಲಿದೆ. ಉಪವಿಧಿಗಳಿಗೆ ಹೀಗೆ ಆವೃತ್ತಿಯ ಮುದ್ರೆಯನ್ನು ಒತ್ತುವುದರಿಂದ ಹಳೆಯ ಕ್ರಮವಿಧಿಯು ಹೊಸ ಯಂತ್ರದಲ್ಲಿ ನಡೆಯುವುದು. ಆದರೆ ಹೊಸ ಯಂತ್ರದಲ್ಲಿ ಜೋಡಿಸಿದ ಕ್ರಮವಿಧಿಯು ಹೊಸ ಮುದ್ರೆಯನ್ನೇ ಕೇಳುತ್ತದೆ. ಹಳೆಯ ಯಂತ್ರದಲ್ಲಿ ಅದು ದೊರೆಯುವುದಿಲ್ಲ. ೨೦೨೧ರ ೨.೩೪ನೆಯ ಆವೃತ್ತಿಯಲ್ಲಿ ಕ್ರಮವಿಧಿಯನ್ನು ಪ್ರಾರಂಭಿಸುವ ಉಪವಿಧಿಗೇ ಹೊಸ ಮುದ್ರೆಯು ಬಿದ್ದ ಕಾರಣ, ಆಮೇಲೆ ಜೋಡಿಸಿದ ಯಾವ ಸಾಮಾನ್ಯ ಕ್ರಮವಿಧಿಯೂ ಹಿಂದಿನ ಯಂತ್ರದಲ್ಲಿ ಬಾಗಿಲನ್ನೇ ದಾಟದು. ಉಬುಂಟು ೨೦.೦೪ರಲ್ಲಿ ಇದ್ದುದು ೨.೩೧.

ಇಂಥ ಅನುಭವಗಳಿಂದ ರೋಸಿದವರು ಏಕಕಡತದತ್ತ ತಿರುಗುವುದು ಸಹಜ. ಟೋರ್ವಾಲ್ಡ್ಸರು ತಾವೇ ಆರಂಭಿಸಿದ ಸಬ್‌ಸರ್ಫೇಸ್ ಎಂಬ ಡೆಸ್ಕ್‌ಟಾಪ್ ಕ್ರಮವಿಧಿಯನ್ನು ವಿಂಡೋಸಿಗೂ ಮ್ಯಾಕ್‌ಗೂ ಸುಲಭವಾಗಿ ಸಿದ್ಧಪಡಿಸಬಹುದಾದರೂ ಲಿನಕ್ಸಿನ ನಾನಾ ವಿತರಣೆಗಳಿಗೆ ಸಿದ್ಧಪಡಿಸುವುದು ಪ್ರಯಾಸವೆಂದು ೨೦೧೪ರಲ್ಲಿ ಡೆಬಿಯನ್ ಸಮ್ಮೇಳನದಲ್ಲಿ ಹೇಳಿದರು. ೨೦೨೧ರಲ್ಲಿ ಕಂಪೈಲರೊಂದು ತನ್ನ ಲೈಬ್ರರಿಯನ್ನು ಪ್ರತಿಸಲವೂ ಲೋಡರಿನ ಮೂಲಕ ಕರೆದುಕೊಳ್ಳುವುದರಿಂದ ಆಗುವ ವಿಳಂಬವನ್ನು ಕುರಿತು ಬರೆಯುತ್ತ, ವ್ಯವಸ್ಥೆಯ ಬಹುಬಳಕೆಯ ಲೈಬ್ರರಿಗಳನ್ನು ಬಿಟ್ಟರೆ ಉಳಿದವನ್ನು ಹಂಚಿಕೆಯದಾಗಿ ಇಡುವುದರಿಂದ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚೆಂದು ವಾದಿಸಿದರು. ಬೆಲ್ ಪ್ರಯೋಗಶಾಲೆಯ ಪ್ಲ್ಯಾನ್ ೯ ವ್ಯವಸ್ಥೆಯು ಹಂಚಿಕೆಯ ಲೈಬ್ರರಿಗಳನ್ನು ಪೂರ್ತಿಯಾಗಿ ಬಿಟ್ಟಿತ್ತು. ಅದರ ಕರ್ತೃಗಳಲ್ಲಿ ಕೆಲವರು ಸೇರಿ ರಚಿಸಿದ, ೨೦೦೯ರಲ್ಲಿ ಪ್ರಕಟವಾದ ಗೋ ಭಾಷೆಯು ಏಕಕಡತವನ್ನೇ ತನ್ನ ರೂಢಿಯನ್ನಾಗಿ ಮಾಡಿಕೊಂಡಿತು.

ಏಕಕಡತವು ಸ್ವಯಂಪೂರ್ಣವೆಂಬ ಮಾತೂ ಒಂದು ಮಿತಿಯೊಳಗೆ ಮಾತ್ರ ಸತ್ಯ. ಅದಕ್ಕೂ ಕೆಳಗೆ ಕಾರ್ಯಾಚರಣ ವ್ಯವಸ್ಥೆಯ ಕರ್ನೆಲ್ ಇದ್ದೇ ಇದೆ. ಲಿನಕ್ಸಿನಲ್ಲಿ ಕರ್ನೆಲಿಗೆ ಮಾಡುವ ಕರೆಗಳು ಸ್ಥಿರವಾಗಿರುವುದರಿಂದ ಹಳೆಯ ಏಕಕಡತಗಳು ದೀರ್ಘಕಾಲ ಬಾಳುತ್ತವೆ. ಆಪಲ್ ಸಂಸ್ಥೆಯಾದರೋ ಅಂಥ ಭರವಸೆಯನ್ನು ಕೊಟ್ಟಿಲ್ಲ. ಅದು ಸ್ಥಿರವಾಗಿಡುವುದು ತನ್ನ ಹಂಚಿಕೆಯ ಲೈಬ್ರರಿಯನ್ನು ಮಾತ್ರ. ೨೦೧೬ರಲ್ಲಿ ಮ್ಯಾಕ್‌ಓಎಸ್ ಸಿಯೆರಾ ಬಂದಾಗ ಕಾಲವನ್ನು ಕೇಳುವ ಕರೆಯ ರೀತಿ ಬದಲಾಗಿ, ಕರ್ನೆಲನ್ನು ನೇರವಾಗಿ ಕರೆಯುತ್ತಿದ್ದ ಗೋ ಕ್ರಮವಿಧಿಗಳು ಕೆಟ್ಟವು. ಅವನ್ನು ಹೊಸ ಕಂಪೈಲರಿನಿಂದ ಪುನಃ ಸಿದ್ಧಪಡಿಸಬೇಕಾಯಿತು. ೨೦೧೯ರ ಗೋ ೧.೧೨ರಿಂದ ಮ್ಯಾಕ್‌ನ ಮೇಲೆ ಆ ಭಾಷೆಯೂ ಹಂಚಿಕೆಯ ಲೈಬ್ರರಿಯ ಮೂಲಕವೇ ಕರೆ ಮಾಡುತ್ತದೆ.

ಇನ್ನು ಏಕಕಡತದ ನಿಜವಾದ ಬೆಲೆಯನ್ನು ನೋಡೋಣ. ಜ಼ಡ್‌ಲಿಬ್ ಎಂಬುದು ದತ್ತಾಂಶವನ್ನು ಸಂಕುಚಿಸುವ, ಬಿಡಿಸುವ ಒಂದು ಚಿಕ್ಕ ಲೈಬ್ರರಿ. ೨೦೦೨ರ ಮಾರ್ಚಿಯಲ್ಲಿ ಅದರಲ್ಲಿ ಒಂದು ಗಂಭೀರವಾದ ದೋಷವು ಹೊರಬಿತ್ತು: ಕುಟಿಲವಾಗಿ ರಚಿಸಿದ ದತ್ತಾಂಶವನ್ನು ಬಿಡಿಸುವಾಗ ಒಂದೇ ಮೆಮೊರಿಯನ್ನು ಎರಡು ಸಲ ಬಿಡುಗಡೆ ಮಾಡಿ ಕ್ರಮವಿಧಿಯ ಹಿಡಿತವನ್ನು ಪರರಿಗೆ ಒಪ್ಪಿಸುವ ಸಂಭವವಿತ್ತು. ೧.೧.೪ನೆಯ ಆವೃತ್ತಿಯಲ್ಲಿ ಅದನ್ನು ತಿದ್ದಿದರು. ಹಂಚಿಕೆಯ ಪ್ರತಿಯನ್ನು ಬಳಸುತ್ತಿದ್ದ ಕ್ರಮವಿಧಿಗಳಿಗೆಲ್ಲ ಒಂದು ಕಡತವನ್ನು ಬದಲಿಸಿದರೆ ಸಾಕಾಯಿತು. ಆದರೆ ಆರ್‌ಸಿಂಕ್, ಸಿ.ವಿ.ಎಸ್. ಮೊದಲಾದವೂ ಲಿನಕ್ಸ್ ಕರ್ನೆಲ್ ತಾನೂ ಜ಼ಡ್‌ಲಿಬ್‌ನ ನಕಲುಗಳನ್ನು ಒಳಗಿಟ್ಟುಕೊಂಡಿದ್ದವು. ಅವನ್ನು ಒಂದೊಂದಾಗಿ ಹುಡುಕಿ, ತಿದ್ದಿ, ಮತ್ತೆ ಜೋಡಿಸಿ ಹಂಚಬೇಕಾಯಿತು. ಹುಡುಕುವುದೇ ಕಷ್ಟ. ಒಳಗೆ ಹೊಲಿದ ನಕಲಿಗೆ ಹೊರಗಿನಿಂದ ಹೆಸರಿಲ್ಲ.

ಇಪ್ಪತ್ತೊಂದು ವರ್ಷಗಳ ಮೇಲೆ ಅದೇ ಕಥೆಯು ಬಹಳ ದೊಡ್ಡ ಪ್ರಮಾಣದಲ್ಲಿ ಪುನರಾವರ್ತನೆಯಾಯಿತು. ೨೦೨೩ರ ಸೆಪ್ಟೆಂಬರಿನಲ್ಲಿ, ವೆಬ್‌ಪಿ ಚಿತ್ರಗಳನ್ನು ಬಿಡಿಸುವ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ ದುರುದ್ದೇಶದ ಚಿತ್ರವೊಂದರಿಂದ ಮೆಮೊರಿಯ ಎಲ್ಲೆಯನ್ನು ಮೀರಿ ಬರೆಯಲು ಅವಕಾಶವಾಗುವ ದೋಷವು ಕಂಡುಬಂದಿತು. ಅದನ್ನು ಆಗಲೇ ಯಾರೋ ದುರುಪಯೋಗಪಡಿಸಿಕೊಳ್ಳುತ್ತಿದ್ದರು. ಕ್ರೋಮ್, ಫೈರ್‌ಫಾಕ್ಸ್‌ಗಳು ಬೇಗನೆ ತಿದ್ದುಪಡಿಗಳನ್ನು ಹೊರಡಿಸಿದವು. ಅವುಗಳ ಹಿಂದೆ ಬಲಿಷ್ಠ ಸಂಸ್ಥೆಗಳಿವೆ, ತಾವಾಗಿಯೇ ನವೀಕರಿಸಿಕೊಳ್ಳುವ ಯಂತ್ರೋಪಾಯವಿದೆ. ಆದರೆ ಎಲೆಕ್ಟ್ರಾನ್ ಎಂಬ ಚೌಕಟ್ಟಿನಿಂದ ರಚಿಸಿದ ಡೆಸ್ಕ್‌ಟಾಪ್ ಕ್ರಮವಿಧಿಗಳು ಅಸಂಖ್ಯಾತ. ಅವುಗಳಲ್ಲಿ ಪ್ರತಿಯೊಂದೂ ಕ್ರೋಮಿಯಂ ಬ್ರೌಸರನ್ನು, ಅದರೊಳಗೆ ಲಿಬ್‌ವೆಬ್‌ಪಿಯನ್ನು, ತನ್ನದಾಗಿ ಹೊತ್ತಿರುತ್ತದೆ. ಒಬ್ಬ ಬಳಕೆದಾರನ ಯಂತ್ರದಲ್ಲಿ ಅಂಥವು ಐದಿದ್ದರೆ ಐದು ನಕಲುಗಳು. ಐದು ಕರ್ತೃಗಳೂ ತಮ್ಮ ತಮ್ಮ ಕಾಲಕ್ಕೆ ತಿದ್ದಬೇಕು. ಅವರಲ್ಲಿ ಒಬ್ಬನು ಆ ಕೆಲಸವನ್ನೇ ಬಿಟ್ಟುಹೋಗಿದ್ದರೆ ಆ ನಕಲಿಗೆ ದಿಕ್ಕಿಲ್ಲ. ಏಕಕಡತವನ್ನು ಹಂಚಿದವನು, ಅದರೊಳಗಿನ ಪ್ರತಿಯೊಂದು ಲೈಬ್ರರಿಯ ಮುಂದಿನ ತಪ್ಪುಗಳಿಗೂ ತಾನೇ ಹೊಣೆಯೆಂದು ಒಪ್ಪಿಕೊಂಡಂತಾಗುತ್ತದೆ. ಹಾಗೆ ತಿಳಿದು ಒಪ್ಪಿದವರು ವಿರಳ.

ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಆ್ಯಪ್‌ಇಮೇಜ್ ಮೊದಲಾದವು ಈಚಿನ ಮಧ್ಯಮಮಾರ್ಗಗಳು. ಫ್ಲ್ಯಾಟ್‌ಪ್ಯಾಕಿನಲ್ಲಿ ಬಹುಬಳಕೆಯ ಲೈಬ್ರರಿಗಳ ಒಂದು ಕಟ್ಟನ್ನು ಅನೇಕ ಕ್ರಮವಿಧಿಗಳು ಹಂಚಿಕೊಳ್ಳುತ್ತವೆ, ಉಳಿದವನ್ನು ಪ್ರತಿಯೊಂದೂ ತನ್ನೊಳಗಿಟ್ಟುಕೊಳ್ಳುತ್ತದೆ. ಹೊಣೆಯು ಇಬ್ಭಾಗವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಪರವಾನಗಿಯ ಅಂಶವನ್ನೂ ಒಂದು ಮಾತಿನಲ್ಲಿ ಸೂಚಿಸಬೇಕು. ಕ್ಯೂಟಿಯಂಥ ಲೈಬ್ರರಿಗಳಿಗೆ ಅನ್ವಯಿಸುವ ಎಲ್.ಜಿ.ಪಿ.ಎಲ್. ಪರವಾನಗಿಯು, ಲೈಬ್ರರಿಯನ್ನು ಬಳಕೆದಾರನು ತಾನೇ ತಿದ್ದಿ ಬದಲಿಸಿಕೊಳ್ಳಲು ಶಕ್ಯವಾಗಿರಬೇಕೆಂದು ವಿಧಿಸುತ್ತದೆ. ಹಂಚಿಕೆಯ ಮಾರ್ಗದಲ್ಲಿ ಇದು ಅನಾಯಾಸವಾಗಿ ಸಾಧ್ಯ. ಏಕಕಡತದಲ್ಲಿ ಮರುಜೋಡಣೆಗೆ ಬೇಕಾದ ಕಡತಗಳನ್ನೂ ಒದಗಿಸಬೇಕಾಗುತ್ತದೆ.

ಈಗ ನಮ್ಮ ಎರಡನೆಯ ದೋಷಕ್ಕೆ ಬರಬಹುದು. ಕನ್ನಡದ ಅಕ್ಷರಗಳು ಪರದೆಯ ಮೇಲೆ ಕಾಣುವುದಕ್ಕೆ ಫಾಂಟ್ ಒಂದೇ ಸಾಲದು. ಯೂನಿಕೋಡಿನಲ್ಲಿ ‘ರ್ಯ’ ಎಂಬುದು ರಕಾರ, ಹಲಂತ ಚಿಹ್ನೆ, ಯಕಾರ ಎಂಬ ಮೂರು ಸಂಕೇತಗಳ ಸಾಲು. ಅದನ್ನು ಓದಿ ಯಕಾರವನ್ನು ಮೊದಲು ಬರೆದು ಅರ್ಕಾವತ್ತನ್ನು ಅದರ ಬಲಕ್ಕೆ ಇಡಬೇಕೆಂದು ನಿರ್ಣಯಿಸುವುದು ಅಕ್ಷರಜೋಡಣೆಯ ಲೈಬ್ರರಿಯ ಕೆಲಸ. ವಿಂಡೋಸಿನಲ್ಲಿ ಈ ಕೆಲಸವು ಯೂನಿಸ್ಕ್ರೈಬ್ ಎಂಬ ಡಿ.ಎಲ್.ಎಲ್.ನದಾಗಿತ್ತು. ವಿಂಡೋಸ್ ೨೦೦೦ರಲ್ಲಿದ್ದ ಅದರ ಪ್ರತಿಗೆ ದೇವನಾಗರಿಯೂ ತಮಿಳೂ ತಿಳಿದಿದ್ದವು, ಕನ್ನಡವು ತಿಳಿದಿರಲಿಲ್ಲ. ಎಕ್ಸ್‌ಪಿಯೊಡನೆ ಕನ್ನಡವು ಬಂದಿತು. ಆ ವರ್ಷಗಳಲ್ಲಿ ಭಾರತೀಯ ಭಾಷೆಗಳ ಬಳಕೆದಾರರು ಹೊಸ ಆಫೀಸ್ ತಂತ್ರಾಂಶದೊಡನೆ ಬಂದ ಯೂನಿಸ್ಕ್ರೈಬ್ ಪ್ರತಿಯನ್ನು ತಮಗೆ ಬೇಕಾದ ಕ್ರಮವಿಧಿಯ ಕಡತಕೋಶದೊಳಗೆ ತಂದಿಟ್ಟು ಲಿಪಿಯನ್ನು ಸರಿಪಡಿಸಿಕೊಳ್ಳುತ್ತಿದ್ದುದುಂಟು. ಲೈಬ್ರರಿಯು ಬೇರೆ ಕಡತವಾಗಿದ್ದುದರಿಂದಲೇ ಈ ಉಪಾಯವು ಸಾಧ್ಯವಾಯಿತು.

ಲಿನಕ್ಸಿನಲ್ಲಿ ಬಹುಕಾಲ ಪ್ಯಾಂಗೋ, ಕ್ಯೂಟಿ, ಐ.ಸಿ.ಯು. ಎಂಬ ಮೂರು ಬೇರೆ ಬೇರೆ ಅಕ್ಷರಜೋಡಕಗಳಿದ್ದವು. ಒಂದೇ ಯಂತ್ರದಲ್ಲಿ, ಒಂದೇ ಫಾಂಟಿನಲ್ಲಿ, ಒಂದೇ ಪದವು ಪಠ್ಯಸಂಪಾದಕದಲ್ಲಿ ಸರಿಯಾಗಿಯೂ ಕಚೇರಿ ತಂತ್ರಾಂಶದಲ್ಲಿ ತಪ್ಪಾಗಿಯೂ ಕಾಣುವುದಕ್ಕೆ ಇದೇ ಕಾರಣ. ಬೆಹ್‌ದಾದ್ ಎಸ್ಫಾಹ್‌ಬೋದ್ ಎಂಬವರು ಹೊಸದಾಗಿ ಬರೆದ ಹಾರ್ಫ್‌ಬಜ಼್ ಲೈಬ್ರರಿಯು ಕ್ರಮೇಣ ಇವುಗಳ ಸ್ಥಾನವನ್ನು ಪಡೆಯಿತು. ಲಿಬ್ರೆಆಫೀಸ್ ಲಿನಕ್ಸಿನ ಮೇಲೆ ೨೦೧೩ರಲ್ಲಿಯೂ ಎಲ್ಲ ವ್ಯವಸ್ಥೆಗಳ ಮೇಲೆ ೨೦೧೭ರಲ್ಲಿಯೂ ಅದಕ್ಕೆ ಬದಲಾಯಿತು. ಕನ್ನಡದ ಒಂದು ತಪ್ಪನ್ನು ಅಲ್ಲಿ ಒಂದು ಸಲ ತಿದ್ದಿದರೆ ಅನೇಕ ಕ್ರಮವಿಧಿಗಳಲ್ಲಿ ತಿದ್ದಿದಂತಾಯಿತು. ಅಲ್ಪಸಂಖ್ಯೆಯ ಬಳಕೆದಾರರುಳ್ಳ ಲಿಪಿಗೆ ಇದು ಸಣ್ಣ ಲಾಭವಲ್ಲ. ಪ್ರತಿಯೊಬ್ಬ ಕರ್ತೃವಿಗೂ ಅರ್ಕಾವತ್ತಿನ ಲಕ್ಷಣವನ್ನು ವಿವರಿಸಿ ಒಪ್ಪಿಸುವ ಶ್ರಮವನ್ನು ಯಾರು ವಹಿಸಬಲ್ಲರು?

‘ರ‍್ಯಾಂಕ್’ ಪದದಲ್ಲಿ ಅರ್ಕಾವತ್ತು ಬೇಡ. ರಕಾರವು ಪೂರ್ಣವಾಗಿ ನಿಂತು ಯಕಾರವು ಒತ್ತಾಗಬೇಕು. ಇದಕ್ಕಾಗಿ ಕಣ್ಣಿಗೆ ಕಾಣದ ಜೋಡಣಾ ಸಂಕೇತವೊಂದನ್ನು ರಕಾರಕ್ಕೂ ಹಲಂತಕ್ಕೂ ನಡುವೆ ಇಡಬೇಕೆಂದು ಯೂನಿಕೋಡ್ ಹೇಳುತ್ತದೆ. ಆದರೆ ಹಳೆಯ ರೂಢಿಯಲ್ಲಿ ಅನೇಕರು ಆ ಸಂಕೇತವನ್ನು ಹಲಂತದ ಅನಂತರ ಇಡುತ್ತಿದ್ದರು. ಅಂಥ ಪಠ್ಯಗಳು ಇಂದಿಗೂ ಬಹಳವಿವೆ. ಹಾರ್ಫ್‌ಬಜ಼್‌ನವರು ಕನ್ನಡಕ್ಕೆಂದೇ ಒಂದು ವಿಶೇಷ ನಿಯಮವನ್ನು ಸೇರಿಸಿ, ಹಳೆಯ ಕ್ರಮವನ್ನು ಹೊಸ ಕ್ರಮದಂತೆಯೇ ಕಾಣಬೇಕೆಂದು ಏರ್ಪಡಿಸಿದರು. ನಮ್ಮ ವಿದ್ಯಾರ್ಥಿಗಳು ಏಕಕಡತವನ್ನು ಮಾಡುವಾಗ ಒಳಗೆ ಹೊಲಿದ ಹಾರ್ಫ್‌ಬಜ಼್ ಮೂಲವನ್ನು ಹಳೆಯ ಯೋಜನೆಯೊಂದರಿಂದ ಎತ್ತಿಕೊಂಡಿದ್ದರು. ಈ ನಿಯಮವು ಸೇರುವುದಕ್ಕೆ ಹಿಂದಿನದು ಅದು. ಅಧ್ಯಾಪಕರ ಯಂತ್ರದಲ್ಲಿಯೇ ಸರಿಯಾದ ಹಾರ್ಫ್‌ಬಜ಼್ ಇದ್ದರೂ ನಮ್ಮ ಕ್ರಮವಿಧಿಯು ಅದನ್ನು ಕೇಳಲೇ ಇಲ್ಲ.

ಈಗ ಕ್ರಮವಿಧಿಯನ್ನು ಕಾಲೇಜುಗಳಲ್ಲಿರುವ ಅತ್ಯಂತ ಹಳೆಯ ವ್ಯವಸ್ಥೆಯ ಮೇಲೆಯೇ ಜೋಡಿಸುತ್ತೇವೆ. ಸಿ ಲೈಬ್ರರಿಯನ್ನೂ ಹಾರ್ಫ್‌ಬಜ಼್ ಮೊದಲಾದ ಬಹುಬಳಕೆಯ ಲೈಬ್ರರಿಗಳನ್ನೂ ಬಳಕೆದಾರನ ಯಂತ್ರಕ್ಕೆ ಬಿಟ್ಟಿದ್ದೇವೆ. ಬೇರೆಡೆ ಎಲ್ಲಿಯೂ ದೊರೆಯದ, ನಾವೇ ಬರೆದ ಪದವಿಂಗಡಣೆಯ ಭಾಗವನ್ನು ಮಾತ್ರ ಒಳಗೆ ಸೇರಿಸಿದ್ದೇವೆ. ಪದಗಳು ಸರಿಯಾಗಿ ಕಾಣುತ್ತಿವೆಯೆಂದು ಆ ಅಧ್ಯಾಪಕರು ಬರೆದರು. ಆದರೆ ಅಕ್ಷರಗಳ ಅಗಲವು ಅಲ್ಲಲ್ಲಿ ಬದಲಾದ್ದರಿಂದ ಸಾಲುಗಳು ಸರಿದು, ಮುದ್ರಿತ ಪದಸೂಚಿಯ ಪುಟಸಂಖ್ಯೆಗಳು ಹೆಚ್ಚುಕಡಮೆಯಾಗಿದ್ದವು. ಅವರ ವಿದ್ಯಾರ್ಥಿಯೊಬ್ಬಳು ಹಳೆಯ ಪುಟಸಂಖ್ಯೆಗಳನ್ನು ತನ್ನ ಪ್ರಬಂಧದಲ್ಲಿ ಆಗಲೇ ಉಲ್ಲೇಖಿಸಿದ್ದಳು. ಅವರ ಕೋರಿಕೆಯಂತೆ ದೋಷವುಳ್ಳ ಆ ಏಕಕಡತದ ಒಂದು ಪ್ರತಿಯನ್ನೂ, ಅದು ಯಾವ ದಿನ ಯಾವ ಲೈಬ್ರರಿಗಳಿಂದ ಸಿದ್ಧವಾಯಿತೆಂಬ ಪಟ್ಟಿಯನ್ನೂ ವಿಭಾಗದಲ್ಲಿ ಇರಿಸಿದ್ದೇವೆ.